ನೆಟ್ಟಗೆ ನಿಲ್ಲು ಎನ್ನುವ ಮುನ್ನ



ಪಾಪನಿವೇದನೆ ಕೇಳುವುದು ನನ್ನ ಕೆಲಸ. ಈ ವಾರ ಹೇಳುವ ಸರದಿ ನನ್ನದು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಮ್ಮ ಕುಟುಂಬಗಳು ಹೆಚ್ಚಿಲ್ಲ. ಇರುವವರೂ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿಕೊಂಡಿದ್ದಾರೆ. ಹೀಗಾಗಿ ಗುರುವಾದವನಿಗೆ ಪ್ರತಿಯೊಂದು ಮಗುವಿನ ಹೆಸರೂ ಗೊತ್ತಿರುತ್ತದೆ. ಹೆಸರು ಗೊತ್ತಿದ್ದ ಮಾತ್ರಕ್ಕೆ ಮಗುವೇ ಗೊತ್ತು ಎಂದು ನಾವು ನಂಬಿಕೊಂಡಿರುತ್ತೇವೆ. ಈ ಭಾಗದ ಒಂದು ಊರಿನ ಗಾನವೃಂದಕ್ಕೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ಒಳ್ಳೆಯ ಕಂಠ. ಆದರೆ ಹಾಡುವಾಗ ಒಂದು ಬದಿಗೆ ವಾಲಿದಂತೆ, ವೇಲಿನಿಂದ ಭುಜ ಮುಚ್ಚಿಕೊಂಡು, ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದಳು. ಅಶಿಸ್ತು ಎಂದುಕೊಂಡೆ. "ನೆಟ್ಟಗೆ ನಿಲ್ಲು ಮಗಳೇ, ದೇವರ ಮುಂದೆ ಹಾಗೆ ನಿಲ್ಲುತ್ತಾರೆಯೇ?" ಎಂದೆ. ಒಂದು ಸಲವಲ್ಲ, ಮೂರು ಭಾನುವಾರ, ಎಲ್ಲರ ಎದುರಿಗೆ. ಮೂರನೆಯ ಸಲ ಹುಡುಗರು ನಕ್ಕರು. ನಾನೂ ಸ್ವಲ್ಪ ನಕ್ಕೆ.

ನಾಲ್ಕನೆಯ ಭಾನುವಾರ ಅವಳು ಬರಲಿಲ್ಲ. ಐದನೆಯದಕ್ಕೂ ಇಲ್ಲ. ಮನೆಗೆ ಹೋದಾಗ ಅವಳ ತಾಯಿ ಚಹಾ ಕೊಟ್ಟು, ಒಳಕೋಣೆಯ ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಹೇಳಿದಳು: "ಆಕಿ ನೆಟ್ಟಗೇ ನಿಂದರ್ತಾಳ್ರಿ ಫಾದರ್. ಆಕೀ ಬೆನ್ನೇ ಹಂಗ ಅದ."

ಇಪ್ಪತ್ತು ವರ್ಷಗಳ ಸೇವೆಯಲ್ಲಿ ಇಷ್ಟು ಚಿಕ್ಕ ಮಾತಿನಿಂದ ಇಷ್ಟು ದೊಡ್ಡ ಪೆಟ್ಟು ನನಗೆ ಬಿದ್ದಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿದ್ದೇನೆ, ವೈದ್ಯರನ್ನು ಕೇಳಿದ್ದೇನೆ, ಮುಖ್ಯವಾಗಿ ಆ ಹುಡುಗಿಯನ್ನೇ ಕೇಳಿದ್ದೇನೆ. ತಾಯಿ ಮಗಳಿಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಟೇಲರ್ ಮೊದಲು ಕಂಡದ್ದು

ಆ ಮನೆಯಲ್ಲಿ ಇದನ್ನು ಮೊದಲು ಗಮನಿಸಿದವರು ತಾಯಿಯಲ್ಲ, ಶಿಕ್ಷಕರಲ್ಲ, ನಾನಂತೂ ಅಲ್ಲವೇ ಅಲ್ಲ. ಶಾಲೆಯ ಸಮವಸ್ತ್ರ ಹೊಲಿಯುವ ಟೇಲರ್. "ಅಳತಿ ಸರಿ ಇಟ್ಟೀನಿ, ಆದ್ರ ಒಂದು ಬದಿ ಇಳೀತದ" ಎಂದು ಎರಡು ಸಲ ಬಿಚ್ಚಿ ಹೊಲಿದುಕೊಟ್ಟನಂತೆ. ಬಟ್ಟೆಯ ದೋಷವೆಂದೇ ಎಲ್ಲರೂ ತಿಳಿದರು.

ಹಿಂದಿನಿಂದ ನೋಡಿದರೆ ನಮ್ಮ ಬೆನ್ನೆಲುಬು ಮೇಲಿಂದ ಕೆಳಗೆ ಒಂದು ಗೆರೆ ಎಳೆದಂತಿರುತ್ತದೆ. ಕೆಲವು ಮಕ್ಕಳಲ್ಲಿ ಅದು ಪಕ್ಕಕ್ಕೆ ಬಾಗುತ್ತದೆ, ಜೊತೆಗೆ ಹಗ್ಗದ ಹುರಿಯಂತೆ ತುಸು ತಿರುಚಿಕೊಳ್ಳುತ್ತದೆ. ತಿರುಚಿಕೊಂಡ ಕಡೆ ಪಕ್ಕೆಲುಬುಗಳು ಉಬ್ಬಿ, ಒಂದು ಭುಜ ಮೇಲೇರಿ, ಸೊಂಟದ ಮಡಿಕೆ ಎರಡು ಬದಿಗೆ ಎರಡು ತೆರನಾಗಿ ಕಾಣುತ್ತದೆ. ಇದಕ್ಕೆ ಸ್ಕೋಲಿಯೋಸಿಸ್ ಎಂದು ಹೆಸರು. ಎಕ್ಸ್-ರೇ ಮೇಲೆ ಅಳೆದಾಗ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವೈದ್ಯರು ಆ ಹೆಸರಿಡುತ್ತಾರೆ. ಹತ್ತರಿಂದ ಹದಿನಾರು ವರ್ಷದ ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇದು ಇರುತ್ತದೆ. ಅಂದರೆ ಸ್ವಲ್ಪ ದೊಡ್ಡದಾದ ಯಾವ ಪ್ರೌಢಶಾಲೆಯಲ್ಲಾದರೂ ಇಂಥ ಮಕ್ಕಳು ಕೆಲವರಾದರೂ ಇರುತ್ತಾರೆ. ಸಣ್ಣ ಬಾಗು ಹುಡುಗ ಹುಡುಗಿಯರಿಬ್ಬರಲ್ಲೂ ಕಾಣುತ್ತದೆ. ಚಿಕಿತ್ಸೆ ಬೇಕಾಗುವಷ್ಟು ಬೆಳೆಯುವ ಬಾಗು ಹುಡುಗಿಯರಲ್ಲಿ ಬಹಳ ಹೆಚ್ಚು. ಮೈ ನೆರೆಯುವ ಮುಂಚಿನ ಮತ್ತು ಅದರ ಸುತ್ತಮುತ್ತಲಿನ ಕಾಲದಲ್ಲಿ ಎತ್ತರ ಸರ್ರನೆ ಏರುತ್ತದಲ್ಲ, ಆಗಲೇ ಬಾಗೂ ವೇಗವಾಗಿ ಏರುತ್ತದೆ.

ಮನೆಯಲ್ಲೇ ನೋಡುವ ಸುಲಭ ಕ್ರಮವೊಂದಿದೆ. ಮಗು ಪಾದ ಜೋಡಿಸಿ, ಮೊಣಕಾಲು ಮಡಿಸದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗಲಿ. ತಾಯಿ ಹಿಂದೆ ನಿಂತು ನೋಡಲಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೆ ಮೂಳೆ ವೈದ್ಯರಿಗೆ ತೋರಿಸಬೇಕು. ಅರ್ಧ ನಿಮಿಷದ ಕೆಲಸ.

ಆದರೆ ಈ ಅರ್ಧ ನಿಮಿಷ ನಮ್ಮ ಮನೆಗಳಲ್ಲಿ ಸಿಗುವುದಿಲ್ಲ. ಹತ್ತು ವರ್ಷದವರೆಗೆ ತಾಯಿ ಬೆನ್ನು ತಿಕ್ಕಿ ಸ್ನಾನ ಮಾಡಿಸಿದ ಮಗಳು ಹನ್ನೊಂದಕ್ಕೆ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾಳೆ. ಅದು ಸರಿಯೇ, ಅವಳ ವಯಸ್ಸಿನ ಮರ್ಯಾದೆ ಅದು. ಆದರೆ ಸರಿಯಾಗಿ ಅದೇ ವರ್ಷಗಳಲ್ಲಿ ಬೆನ್ನು ಬಾಗುತ್ತದೆ. ಮೈ ಮುಚ್ಚುವ ಬಟ್ಟೆ ಬಾಗನ್ನೂ ಮುಚ್ಚುತ್ತದೆ. ಕನ್ನಡಿಯಲ್ಲಿ ಮೊದಲು ಕಂಡುಕೊಂಡ ಮಗು ಹೆದರಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ನಮ್ಮ ಹುಡುಗಿ ಏಳು ತಿಂಗಳು ಯಾರಿಗೂ ಹೇಳಿರಲಿಲ್ಲ. ಆ ಏಳು ತಿಂಗಳಲ್ಲಿ ಅವಳು ಸಾಕಷ್ಟು ಎತ್ತರ ಬೆಳೆದಿದ್ದಳು.

ಇನ್ನೊಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ರಾತ್ರಿ ನಿದ್ದೆಗೆಡಿಸುವ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಕಾಲುಗಳಲ್ಲಿ ಶಕ್ತಿ ಕಡಿಮೆಯಾಗುವುದು, ಬೆನ್ನಿನ ನಡುವೆ ಗಂಟಿನಂತೆ ಚೂಪಾಗಿ ಉಬ್ಬುವುದು, ಇವು ಸಾಮಾನ್ಯ ಸ್ಕೋಲಿಯೋಸಿಸ್‌ನ ಲಕ್ಷಣಗಳಲ್ಲ. ಬೆನ್ನೆಲುಬಿನ ಕ್ಷಯವೂ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ. ತಡಮಾಡಬೇಡಿರಿ. ಬೆನ್ನು ಒತ್ತಿ ಎಳೆದು ನೆಟ್ಟಗೆ ಮಾಡುತ್ತೇನೆನ್ನುವವರ ಕೈಗೂ ಮಗುವನ್ನು ಕೊಡಬೇಡಿರಿ.

ಯಾರ ತಪ್ಪು?

ಮಗುವಿಗೆ ಹೀಗಾಗಿದೆ ಎಂದು ತಿಳಿದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ 'ಏನು ಮಾಡೋಣ' ಎಂಬುದಲ್ಲ, 'ಯಾರಿಂದ ಆಯಿತು' ಎಂಬುದು. ಶಾಲೆಯ ಚೀಲ ಭಾರವಾಗಿತ್ತು ಎನ್ನುತ್ತಾರೆ. ನೀರಿನ ಕೊಡ ಒಂದೇ ಬದಿಯ ಸೊಂಟದ ಮೇಲೆ ಹೊತ್ತಳು ಎನ್ನುತ್ತಾರೆ. ಮಲಗುವ ರೀತಿ ಸರಿಯಿಲ್ಲ, ಕೂರುವ ರೀತಿ ಸರಿಯಿಲ್ಲ ಎನ್ನುತ್ತಾರೆ. ಕಡೆಗೆ ಮಾತು ತಾಯಿಯ ಮೇಲೆ ಬಂದು ನಿಲ್ಲುತ್ತದೆ: ಬಸಿರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಂತೆ!

ಹತ್ತರಲ್ಲಿ ಸುಮಾರು ಎಂಟು ಮಕ್ಕಳಲ್ಲಿ ಈ ಬಾಗಿಗೆ ಗೊತ್ತಾದ ಕಾರಣವೇ ಇಲ್ಲ. ಕೆಲವು ವಂಶಗಳಲ್ಲಿ ಹೆಚ್ಚು ಕಾಣುತ್ತದೆ ಎಂಬಷ್ಟು ನಿಜ. ಚೀಲದಿಂದಲ್ಲ, ಕೊಡದಿಂದಲ್ಲ, ಕೂರುವ ಭಂಗಿಯಿಂದಲ್ಲ, ಗ್ರಹಣದಿಂದಂತೂ ಅಲ್ಲ. ಹಾಗಾದ ಮೇಲೆ 'ನೆಟ್ಟಗೆ ಕೂರು' ಎಂದು ದಿನಕ್ಕೆ ಇಪ್ಪತ್ತು ಸಲ ಗದರಿಸುವುದರಿಂದ ಬಾಗು ಒಂದು ಡಿಗ್ರಿಯೂ ಇಳಿಯುವುದಿಲ್ಲ. ಏರುವುದು ಮಗುವಿನ ಮನಸ್ಸಿನ ಭಾರ ಮಾತ್ರ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಓದಿ ಮನೆಗೆ ಬಂದು ಮತ್ತದೇ ಪ್ರಶ್ನೆ ಕೇಳುತ್ತೇವೆ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೆ ನೆನಪಿರಬಹುದು. ಅಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ವಿಕಲಚೇತನ ಮಕ್ಕಳನ್ನು ಅಂಗವೈಕಲ್ಯ ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ನಾಡೆಲ್ಲ ಆ ಹೆತ್ತವರನ್ನು ಬೈಯಿತು. ನನಗೆ ಬೈಯಲು ಬಾಯಿ ಬರಲಿಲ್ಲ. ಆ ಗುಂಡಿಯ ಅಂಚಿಗೆ ನಿಂತ ತಾಯಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯಿತ್ತೆಂದು ಹೇಳುವಂತಿಲ್ಲ. ಎಲ್ಲ ಬಾಗಿಲು ತಟ್ಟಿ ಸೋತವರು ಅದನ್ನೂ ಮಾಡಿ ನೋಡೋಣ ಎಂದಿರಬಹುದು. ಆದರೆ ಆ ಚಿತ್ರದಲ್ಲಿ ಮಣ್ಣಿನ ಮೇಲೆ ಮುಖವಷ್ಟೇ ಕಾಣುತ್ತಿದ್ದ ಮಗುವಿನ ಕಣ್ಣುಗಳನ್ನು ನೋಡಿ ನಾನು ಕೇಳಿಕೊಂಡದ್ದು ಬೇರೆ: ಆ ದಿನ ಆ ಮಗು ತನ್ನ ಬಗ್ಗೆ ಏನನ್ನು ಕಲಿಯಿತು? 'ನಾನಿರುವ ಹಾಗೆ ಇವರಿಗೆ ಸಾಲದು' ಎಂದಲ್ಲವೇ? ಗುಂಡಿ ತೋಡದೆಯೂ ನಾವು ಇದೇ ಪಾಠವನ್ನು ಕಲಿಸಬಲ್ಲೆವು. ನಾನು ಮೂರು ಭಾನುವಾರ ಕಲಿಸಿದೆ.

ನುಡಿಯಲ್ಲೇ ಇರುವ ಮುಳ್ಳು

ನಮ್ಮ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿರಿ. ಒಳ್ಳೆಯವನು ನೆಟ್ಟಗಿನ ಮನುಷ್ಯ. ಕೆಟ್ಟವನದು ವಕ್ರಬುದ್ಧಿ, ಸೊಟ್ಟ ದಾರಿ. ತಿದ್ದಲಾಗದವನು ನಾಯಿಯ ಬಾಲ. ಕಥೆ ಕೇಳಿ ಬೆಳೆದ ಪ್ರತಿ ಮಗುವಿಗೂ ರಾಮನನ್ನು ಕಾಡಿಗೆ ಕಳಿಸಿದವಳು ಗೂನುಬೆನ್ನಿನ ಮಂಥರೆ ಎಂದು ಗೊತ್ತು. (ಆ ಮಂಥರೆಯ ಎದೆಯಲ್ಲಿ ಭರತನ ಮೇಲಿನ ತಾಯಿಮಮತೆಯನ್ನು ಕಂಡು ಆಕೆಗೆ ನ್ಯಾಯ ಕೊಡಲು ಕುವೆಂಪು ಅವರೇ ಬರಬೇಕಾಯಿತು. ಅವರ ಶ್ರೀ ರಾಮಾಯಣ ದರ್ಶನಂ ಓದಿದವರಿಗೆ ಇದು ತಿಳಿದಿದೆ.) ಇಂಗ್ಲಿಷರೂ ಕಡಿಮೆಯೇನಲ್ಲ. 1485ರಲ್ಲಿ ಯುದ್ಧದಲ್ಲಿ ಸತ್ತ ಅವರ ಮೂರನೆಯ ರಿಚರ್ಡ್ ದೊರೆಯನ್ನು ಶೇಕ್ಸ್‌ಪಿಯರ್ ವಿಕಾರ ಗೂನಿನ ದುಷ್ಟನನ್ನಾಗಿ ರಂಗಕ್ಕೆ ತಂದ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಕೆಳಗೆ ಆ ದೊರೆಯ ಅಸ್ಥಿಪಂಜರ ಸಿಕ್ಕಿತು. ಗೂನು ಇರಲೇ ಇಲ್ಲ. ಇದ್ದದ್ದು ಹರೆಯದಲ್ಲಿ ಬಂದ ಸ್ಕೋಲಿಯೋಸಿಸ್. ಎಲುಬುಗಳ ಮೇಲೆ ಅಳೆದ ಬಾಗು 65ರಿಂದ 85 ಡಿಗ್ರಿ, ಸಣ್ಣದೇನಲ್ಲ. ಆದರೂ ಒಳ್ಳೆಯ ದರ್ಜಿಯೊಬ್ಬನಿದ್ದಿದ್ದರೆ ಹೊರಗಿನವರಿಗೆ ಅದು ಅಷ್ಟಾಗಿ ತಿಳಿಯುತ್ತಿರಲಿಲ್ಲ ಎಂದು 2014ರಲ್ಲಿ ವಿದ್ವಾಂಸರು ಬರೆದರು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಕಂಡದ್ದು ಅವನ ಬೆನ್ನನ್ನಲ್ಲ, ಅವನ ಬಗ್ಗೆ ಆಡಿದ ಮಾತನ್ನು.

ಸೆಮಿನರಿಯಲ್ಲಿ ಗಾಬ್ರಿಯೆಲ್ ಮಾರ್ಸೆಲ್ ಎಂಬ ಫ್ರೆಂಚ್ ತತ್ವಜ್ಞಾನಿಯನ್ನು ಓದಿದ್ದೆ. ನನಗೆ ಕೊಡೆ ಇದೆ, ಸೈಕಲ್ ಇದೆ ಎನ್ನುವ ಅರ್ಥದಲ್ಲಿ ನನಗೆ ಶರೀರ ಇದೆ ಎನ್ನಲಾಗದು, ಒಂದು ಅರ್ಥದಲ್ಲಿ ನಾನೇ ನನ್ನ ಶರೀರ ಎಂಬುದು ಅವರ ವಾದ. ಪರೀಕ್ಷೆಗೆ ಬರೆದು ಅಂಕವನ್ನೂ ತೆಗೆದುಕೊಂಡೆ. ಅರ್ಥವಾದದ್ದು ಮಾತ್ರ ಈ ಹುಡುಗಿಯಿಂದ. ದೊಡ್ಡವರು "ನಿನ್ನ ಬೆನ್ನು ಸೊಟ್ಟಗಿದೆ" ಎನ್ನುವಾಗ ಒಂದು ವಸ್ತುವಿನ ಬಗ್ಗೆ ಹೇಳಿದೆವು ಎಂದುಕೊಳ್ಳುತ್ತೇವೆ. ಹದಿಮೂರು ವರ್ಷದವಳ ಕಿವಿಗೆ ಬೀಳುವುದು "ನೀನು ಸೊಟ್ಟ" ಎಂದು. ಅವಳ ತರಗತಿಯ ಹುಡುಗರು ಅವಳ ಹೆಸರನ್ನೇ ಬಿಟ್ಟು ಇನ್ನೊಂದು ಹೆಸರಿಟ್ಟಿದ್ದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅದಕ್ಕೇ ಮನೆಯಲ್ಲಿ ಮಾತು ಬದಲಾಯಿಸಿರಿ. ಗೂನು, ಡೊಂಕು, ಸೊಟ್ಟ ಎಂಬವನ್ನು ಬಿಟ್ಟು 'ಬೆನ್ನಿನ ಬಾಗು' ಎನ್ನಿರಿ. ಕಾಳು ತುಂಬಿದ ಜೋಳದ ತೆನೆ ಬಾಗುತ್ತದೆ, ಅದನ್ನು ಯಾರೂ ಸೊಟ್ಟ ಎನ್ನುವುದಿಲ್ಲ.

ಹುಡುಗರ ಬಗ್ಗೆಯೂ ಒಂದು ಮಾತು. ಗಂಡುಮಗನಿಗೆ ಇದೆಲ್ಲ ನಾಟುವುದಿಲ್ಲ ಎಂದುಕೊಳ್ಳಬೇಡಿರಿ. ಅಂಗಿ ಬಿಚ್ಚಿ ಹೊಳೆಗಿಳಿಯುತ್ತಿದ್ದವನು ಈಗ ದಂಡೆಯ ಮೇಲೆ ಕೂರುತ್ತಾನೆ, ಕಬಡ್ಡಿ ಬಿಡುತ್ತಾನೆ, ಮೊಬೈಲ್‌ನಲ್ಲಿ ತನ್ನ ಚಿತ್ರವನ್ನು ಎದೆಯವರೆಗಷ್ಟೇ ತೆಗೆಯುತ್ತಾನೆ. ಸಾಮಾನ್ಯವಾಗಿ ಈ ಮಕ್ಕಳು ಆಡಬಹುದು, ಓಡಬಹುದು. ವೈದ್ಯರು ಬೇಡವೆಂದರೆ ಮಾತ್ರ ಬೇಡ. ಜಗತ್ತಿನ ಅತಿ ವೇಗದ ಓಟಗಾರನೆನಿಸಿದ ಉಸೇನ್ ಬೋಲ್ಟ್‌ಗೆ ಸ್ಕೋಲಿಯೋಸಿಸ್ ಇದೆ. ಇದನ್ನು ಆತನೇ ಹೇಳಿಕೊಂಡಿದ್ದಾನೆ.

ಬೆಲ್ಟು, ಬಿಸಿಲು, ನಾಚಿಕೆ

ಮೂಳೆಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿರುವ ಆರ್ಥೋಪೆಡಿಕ್ಸ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿದೆ: ನೆಟ್ಟಗಿನ ಮಗು ಎಂದು ಅರ್ಥ. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯ ಈ ಪದವನ್ನು ಕಟ್ಟಿದ. ಅವನ ಪುಸ್ತಕದಲ್ಲಿ ಬಾಗಿದ ಎಳೆಮರವೊಂದನ್ನು ಗೂಟಕ್ಕೆ ಹಗ್ಗದಿಂದ ಕಟ್ಟಿದ ಚಿತ್ರವಿದೆ. ಇಂದಿಗೂ ಮೂಳೆವೈದ್ಯರ ಸಂಘಗಳ ಲಾಂಛನ ಅದೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯನ್ನೇ ಅವನು ಚಿತ್ರವಾಗಿ ಬರೆದಂತಿದೆ. ಬೆಳೆಯುವ ಕಾಲದಲ್ಲೇ ಆಧಾರ ಕೊಡಬೇಕೆಂಬುದು ಇಂದಿಗೂ ನಿಜ.

20–25 ಡಿಗ್ರಿಯೊಳಗಿನ ಬಾಗಿಗೆ ಕೆಲವು ತಿಂಗಳಿಗೊಮ್ಮೆ ನೋಡುತ್ತಿರುವುದೇ ಚಿಕಿತ್ಸೆ. ಅದರ ಮೇಲೆ, ಸುಮಾರು 40ರವರೆಗೆ, ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್ ಕೊಡುತ್ತಾರೆ. ನಮ್ಮ ಕಡೆ ಅದಕ್ಕೆ ಬೆಲ್ಟ್ ಎಂದೇ ಹೆಸರು. ಸೊಂಟದ ಸಾದಾ ಬೆಲ್ಟಲ್ಲ. ಕಂಕುಳಿಂದ ಸೊಂಟದವರೆಗೆ ಮೈಗೆ ಅಚ್ಚುಕಟ್ಟಾಗಿ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಬಾಗು 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಆ ನಿರ್ಣಯವನ್ನು ಬೆನ್ನೆಲುಬಿನ ತಜ್ಞರ ಮುಂದೆ ಕುಳಿತೇ ಮಾಡಬೇಕು.

ಬೆಲ್ಟು ಬಾಗನ್ನು ನೆಟ್ಟಗೆ ಮಾಡಲೆಂದು ಅಲ್ಲ, ಮುಂದೆ ಏರದಂತೆ ತಡೆಯಲೆಂದು. ಇದನ್ನು ಮಗುವಿಗೆ ಮೊದಲ ದಿನವೇ ಹೇಳದಿದ್ದರೆ ವರ್ಷದ ಕೊನೆಗೆ ಕನ್ನಡಿ ನೋಡಿ ಮೋಸಹೋದೆ ಎಂದುಕೊಳ್ಳುತ್ತದೆ. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? 2013ರಲ್ಲಿ ಅಮೆರಿಕ ಮತ್ತು ಕೆನಡಾದ 25 ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಬೆಳವಣಿಗೆ ಮುಗಿಯುವ ಹೊತ್ತಿಗೆ ಬಾಗು 50 ಡಿಗ್ರಿ ಮುಟ್ಟದೆ ಉಳಿದವರು ಬೆಲ್ಟ್ ಹಾಕಿದ ನೂರರಲ್ಲಿ 72 ಮಂದಿ, ಬರೀ ನೋಡುತ್ತಿದ್ದ ನೂರರಲ್ಲಿ 48 ಮಂದಿ. ಇನ್ನೂ ಮುಖ್ಯವಾದದ್ದು ಇದು: ಬೆಲ್ಟಿನೊಳಗೆ ಶಾಖವನ್ನು ಗುರುತಿಸುವ ಸಣ್ಣ ಯಂತ್ರವಿಟ್ಟು, ಮಕ್ಕಳು ಎಷ್ಟು ಗಂಟೆ ಹಾಕಿಕೊಂಡರೆಂದು ಅಳೆದರು. ದಿನಕ್ಕೆ ಸರಾಸರಿ 13 ಗಂಟೆ ಮತ್ತು ಮೇಲೆ ಹಾಕಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಫಲ ಸಿಕ್ಕಿತ್ತು.

ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿರಿ. ಫಲ ನಿಂತಿರುವುದು ಗಂಟೆಗಳ ಮೇಲೆ. ಗಂಟೆಗಳು ನಿಂತಿರುವುದು ಮಗುವಿನ ಮನಸ್ಸಿನ ಮೇಲೆ. ನಾಚುವ ಮಗು ಶಾಲೆಯ ತಿರುವಿನಲ್ಲಿ ಬೆಲ್ಟ್ ಬಿಚ್ಚಿ ಚೀಲಕ್ಕೆ ಹಾಕುತ್ತದೆ, ಸಂಜೆ ಅದೇ ತಿರುವಿನಲ್ಲಿ ಮತ್ತೆ ಹಾಕಿಕೊಂಡು ಬರುತ್ತದೆ. ನೀವು ಸಾಲ ಮಾಡಿ ತಂದ ಬೆಲ್ಟು ಚೀಲದೊಳಗೆ ಕೂತು ಯಾರ ಬೆನ್ನನ್ನು ಕಾಯುತ್ತದೆ? ಬೆನ್ನು ಮೊದಲು ಸರಿಯಾಗಲಿ, ಮನಸ್ಸಿನ ವಿಚಾರ ಆಮೇಲೆ ನೋಡೋಣ ಎನ್ನುವ ತಂದೆತಾಯಿಗಳಿಗೆ ಇದನ್ನೇ ಹೇಳುತ್ತೇನೆ: ಮನಸ್ಸು ಚಿಕಿತ್ಸೆಯ ಆಚೆಗಿನ ಮಾತಲ್ಲ, ಚಿಕಿತ್ಸೆಯ ಒಳಗಿನದೇ. ವೈದ್ಯರೂ ಇದನ್ನು ಒಪ್ಪಿದ್ದಾರೆ. ಈ ಮಕ್ಕಳಿಗಾಗಿ ಸ್ಕೋಲಿಯೋಸಿಸ್ ಸಂಶೋಧನಾ ಸಂಘದವರು ರೂಪಿಸಿದ 22 ಪ್ರಶ್ನೆಗಳಲ್ಲಿ ನೋವು, ಓಡಾಟಗಳ ಜೊತೆಗೆ, ತನ್ನ ರೂಪದ ಬಗ್ಗೆ ಏನನಿಸುತ್ತದೆ, ಮನಸ್ಸು ಹೇಗಿದೆ ಎಂಬ ಪ್ರಶ್ನೆಗಳೂ ಇವೆ. ಬಾಗಿನ ಡಿಗ್ರಿಗೂ ದುಃಖದ ಆಳಕ್ಕೂ ನೇರ ಲೆಕ್ಕವಿಲ್ಲ. 15 ಡಿಗ್ರಿಯ ಮಗು ರಾತ್ರಿಯಿಡೀ ಅಳಬಹುದು, 45ರ ಮಗು ನಗುತ್ತ ಖೋಖೋ ಆಡಬಹುದು.

ನಮ್ಮ ಸೀಮೆಯ ಬಿಸಿಲಿನ ಮಾತನ್ನೂ ಹೇಳಬೇಕು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಊರಿನಲ್ಲಿ ಪ್ಲಾಸ್ಟಿಕ್ ಕವಚ ತೊಟ್ಟು ಕೂರುವುದೆಂದರೆ ಏನೆಂದು ಒಂದು ಮಧ್ಯಾಹ್ನ ಊಹಿಸಿ ನೋಡಿರಿ. ಒಳಗೆ ಹೊಲಿಗೆ ಗೆರೆಯಿಲ್ಲದ, ಮೈಗಂಟುವ ಹತ್ತಿಯ ಬನಿಯನ್ ಹಾಕಿಸಿ, ಬೆವರಿದಾಗಲೆಲ್ಲ ಬದಲಿಸಲು ಐದಾರು ಇಟ್ಟುಕೊಳ್ಳಿರಿ. ಚರ್ಮ ಕೆಂಪಾಗಿ ಹಾಗೇ ಉಳಿದರೆ ಬೆಲ್ಟ್ ಮಾಡಿದವರಲ್ಲಿಗೆ ಒಯ್ದು ಸರಿಮಾಡಿಸಿರಿ. ಎಷ್ಟು ಗಂಟೆ, ಯಾವಾಗ ಬಿಚ್ಚಬಹುದು ಎಂಬುದನ್ನು ವೈದ್ಯರ ಎದುರಿಗೆ ಮಗುವೇ ಕೇಳಲಿ, ಮಗುವೇ ಬರೆದುಕೊಳ್ಳಲಿ. ಗಂಟೆಗಳ ಯಜಮಾನಿಕೆ ಅದರ ಕೈಯಲ್ಲಿದ್ದರೆ ಬೆಲ್ಟು ಶಿಕ್ಷೆಯಂತೆ ಕಾಣುವುದು ಕಡಿಮೆಯಾಗುತ್ತದೆ. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಕೆಲವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಆ ದಿನದ ಕೂಲಿ ಹೋಗುತ್ತದೆಂದು ನನಗೆ ಗೊತ್ತು. ಆದರೂ ಆ ಬಸ್ಸಿನಲ್ಲಿ ತಂದೆಯೂ ಒಮ್ಮೆ ಜೊತೆಗೆ ಕೂರಲಿ.

"ಗೊತ್ತಾಗೋದ್ರೊಳಗ ಮದುವಿ"

ಹುಡುಗಿಯ ಮನೆಯಲ್ಲಿ ನಾನು ಕೇಳಿದ ಅತಿ ಭಯದ ಮಾತು ರೋಗದ್ದಲ್ಲ. ಹಿರಿಯರೊಬ್ಬರು ಹೇಳಿದರು: "ಇದು ಮಂದಿಗಿ ಗೊತ್ತಾಗೋದ್ರೊಳಗ ಒಂದು ಮದುವಿ ಮಾಡಿಬಿಟ್ರ ಚಲೋ ಫಾದರ್." ಒಳಕೋಣೆಯಲ್ಲಿ ಪಾತ್ರೆ ಸದ್ದು ನಿಂತಿತು. ಅವಳು ಕೇಳಿಸಿಕೊಂಡಳು.

ಹದಿನೆಂಟಕ್ಕೆ ಮೊದಲು ಹುಡುಗಿಯ ಮದುವೆ ಮಾಡುವುದು ಅಪರಾಧ. ಗುರುವಾಗಿ ನಾನು ಅಂಥ ಮದುವೆಗೆ ನಿಲ್ಲುವುದಿಲ್ಲ, ಅದನ್ನು ಅಲ್ಲೇ ಹೇಳಿದೆ. ಆದರೆ ಕಾನೂನು ಹೇಳಿದರೆ ಭಯ ಹೋಗುವುದಿಲ್ಲ. ಆದ್ದರಿಂದ ಇದನ್ನೂ ಹೇಳಿದೆ: ಅಮೆರಿಕದ ಅಯೋವಾದಲ್ಲಿ ಚಿಕಿತ್ಸೆಯೇ ಇಲ್ಲದೆ ಬಿಟ್ಟ ಇಂಥ ಬಾಗಿನವರನ್ನು 50 ವರ್ಷಗಳ ನಂತರ ಹುಡುಕಿ ನೋಡಿ, 2003ರಲ್ಲಿ ಬರೆದಿದ್ದಾರೆ. ಬೆನ್ನುನೋವು, ರೂಪದ ಬಗ್ಗೆ ಕೊರಗು ಉಳಿದವರಿಗಿಂತ ಹೆಚ್ಚಿತ್ತು, ನಿಜ. ಉಳಿದಂತೆ ದುಡಿದು, ಸಂಸಾರ ನಡೆಸಿ, ಇತರರಂತೆಯೇ ಬಾಳಿದ್ದರು. ಸ್ಕೋಲಿಯೋಸಿಸ್ ಇರುವ ಬಹುಪಾಲು ಹೆಣ್ಣುಮಕ್ಕಳು ತೊಂದರೆಯಿಲ್ಲದೆ ಹೆರುತ್ತಾರೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹುಡುಗಿ ಜೀವನವಿಡೀ ಭುಜ ಮುಚ್ಚಿಕೊಂಡೇ ಇರಬೇಕಾಗುತ್ತದೆ. ಹೇಳಿ ಮಾಡಿದ್ದರಲ್ಲಿ ಹಾಗಿಲ್ಲ.

ಮುಚ್ಚಿಡುವ ಮನೆತನಗಳು ಹೊಸವಲ್ಲ. ಇಟಲಿಯಲ್ಲಿ 1287ರಲ್ಲಿ ಒಂದು ಶ್ರೀಮಂತ ಮನೆಯಲ್ಲಿ ಕುರುಡಿಯಾಗಿ, ಕುಳ್ಳಿಯಾಗಿ, ಬಾಗಿದ ಬೆನ್ನಿನೊಡನೆ ಮಾರ್ಗರೇಟ್ ಎಂಬ ಮಗು ಹುಟ್ಟಿತು. ಹೆತ್ತವರು ನಾಚಿ ಅವಳನ್ನು ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಬಚ್ಚಿಟ್ಟರು. ಪವಾಡದಿಂದ ವಾಸಿಯಾಗಲೆಂದು ಕಸ್ತೆಲ್ಲೊ ಎಂಬ ಪಟ್ಟಣದ ಪುಣ್ಯಸ್ಥಳಕ್ಕೆ ಕರೆದೊಯ್ದು, ಆಗದಿದ್ದಾಗ ಅಲ್ಲೇ ಬಿಟ್ಟು ಹೋದರು. ಆ ಪಟ್ಟಣದ ಬಡವರು ಅವಳನ್ನು ಸಾಕಿದರು. ಅವಳು ಮಕ್ಕಳಿಗೆ ಪಾಠ ಹೇಳಿ, ಸೆರೆಮನೆಯವರನ್ನು ಸಂತೈಸಿ 1320ರಲ್ಲಿ ತೀರಿಕೊಂಡಳು. 2021ರ ಏಪ್ರಿಲ್ 24ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಪವಾಡ ಆಗಲಿಲ್ಲ, ಬೆನ್ನು ಕೊನೆಯವರೆಗೂ ಬಾಗಿಯೇ ಇತ್ತು.

ಅವಳು ಕೇಳಿದ ಪ್ರಶ್ನೆ

ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸಿನ ವೃತ್ತಾಂತವಿದೆ. ಸಮಾಧಾನವಾದೀತೆಂದು ಹುಡುಗಿಗೆ ಅದನ್ನು ಓದಿ ಹೇಳಿದೆ. ಅವಳು ಸುಮ್ಮನಿದ್ದು, ಕೇಳಿದಳು: "ಆಕೀಗಿ ನೆಟ್ಟಗ ಮಾಡ್ಯಾನ. ನನಗ್ಯಾಕ ಇಲ್ರಿ ಫಾದರ್?"

ದೇವಶಾಸ್ತ್ರದಲ್ಲಿ ಇದಕ್ಕೆ ಉತ್ತರಗಳಿವೆ. ನಾಲ್ಕೈದು ನನ್ನ ನಾಲಿಗೆಯ ತುದಿಗೂ ಬಂದವು. ಆದರೆ ಮೂರು ಭಾನುವಾರ ಬೇಗ ಮಾತಾಡಿದ್ದೆನಲ್ಲ, ಈ ಸಲ ತಡೆದೆ. "ನನಗೆ ಗೊತ್ತಿಲ್ಲಮ್ಮ" ಎಂದೆ. ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ ಅರ್ಧ ಗಂಟೆ ಅವಳೇ ಮಾತಾಡಿದಳು. ಆ ಏಳು ತಿಂಗಳ ಎಲ್ಲ ಸಂಗತಿ ಹೊರಗೆ ಬಂತು. ಕೊನೆಯಲ್ಲಿ ಆ ಅಧ್ಯಾಯವನ್ನು ನಾವಿಬ್ಬರೂ ಮತ್ತೊಮ್ಮೆ ಓದಿದೆವು. ಆ ಹೆಂಗಸು ಕೇಳಿಕೊಳ್ಳುವ ಮೊದಲೇ ಯೇಸುಸ್ವಾಮಿ ಅವಳನ್ನು ನೋಡುತ್ತಾರೆ, ಹತ್ತಿರ ಕರೆಯುತ್ತಾರೆ, ಕಾರಣ ವಿಚಾರಿಸುವುದಿಲ್ಲ. ಪ್ರಾರ್ಥನಾಮಂದಿರದ ಅಧಿಕಾರಿ ಸಿಟ್ಟಾದಾಗ ಅವಳನ್ನು ಅಬ್ರಹಾಮನ ಮಗಳು ಎಂದು ಕರೆಯುತ್ತಾರೆ. ನಾಲ್ಕೂ ಶುಭಸಂದೇಶಗಳಲ್ಲಿ ಈ ಹೆಸರು ಇನ್ನಾವ ಹೆಂಗಸಿಗೂ ಸಿಕ್ಕಿಲ್ಲ. ಊರವರು ಅವಳನ್ನು ಏನೆಂದು ಕರೆಯುತ್ತಿದ್ದರೆಂದು ಲೂಕರು ಬರೆದಿಲ್ಲ. ನಮ್ಮ ಹುಡುಗಿ ಮಾತ್ರ ಸುಲಭವಾಗಿ ಊಹಿಸಿದಳು.

ಎಲ್ಲ ಮಕ್ಕಳೂ ಹೀಗೆ ಬಾಯಿ ಬಿಡುವುದಿಲ್ಲ. ಊಟ ಬಿಡುವುದು, ಶಾಲೆಗೆ ಹೋಗಲು ದಿನಕ್ಕೊಂದು ನೆಪ, ಗೆಳತಿಯರನ್ನು ದೂರ ಮಾಡುವುದು, ನಾನಿಲ್ಲದಿದ್ದರೆ ನಿಮಗೆ ಆರಾಮ ಎಂಬಂಥ ಮಾತು, ಇವನ್ನು ಹಟವೆಂದು ತಳ್ಳಿಹಾಕಬೇಡಿರಿ. ಸ್ಕೋಲಿಯೋಸಿಸ್ ಇರುವ ಹರೆಯದವರಲ್ಲಿ ಸಾಯುವ ಯೋಚನೆ ಇತರರಿಗಿಂತ ಹೆಚ್ಚೆಂದು 1997ರಲ್ಲೇ ಅಮೆರಿಕದ ಮಿನ್ನೆಸೋಟದ ಶಾಲಾಮಕ್ಕಳ ಸಮೀಕ್ಷೆಯೊಂದು ತೋರಿಸಿತ್ತು. ನೇರವಾಗಿ ಕೇಳಿರಿ: "ಸಾಯಬೇಕು ಅನಿಸುತ್ತದಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಸರ್ಕಾರದ ಟೆಲಿಮಾನಸ್ ದೂರವಾಣಿ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆಯಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಶಿಕ್ಷಕರಲ್ಲಿ ಒಂದು ವಿನಂತಿ: ತರಗತಿಯಲ್ಲಿ ಅಡ್ಡಹೆಸರು ಕಿವಿಗೆ ಬಿದ್ದ ದಿನವೇ ನಿಲ್ಲಿಸಿರಿ, ಆದರೆ ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ಅಲ್ಲ.

ಹುಡುಗಿಯ ಬಾಗು 32 ಡಿಗ್ರಿ. ಬೆಲ್ಟ್ ಬಂದು ಹತ್ತು ತಿಂಗಳಾಯಿತು. ಕಳೆದ ಎಕ್ಸ್-ರೇಯಲ್ಲಿ ಏರಿಲ್ಲ. ನಾನು ಗಾನವೃಂದದ ಎದುರಿಗೇ ಅವಳಲ್ಲಿ ಕ್ಷಮೆ ಕೇಳಬೇಕೆಂದಿದ್ದೆ. ಅವಳು ಬೇಡವೆಂದಳು: "ಮತ್ತ ಎಲ್ಲರೂ ನನ್ನೇ ನೋಡ್ತಾರ." ಅದೂ ಸರಿಯೇ. ಆದ್ದರಿಂದ ಅವಳ ತಾಯಿಯ ಮುಂದಷ್ಟೇ ಕೇಳಿದೆ. ಕವಚ ಹಾಕಿಕೊಂಡರೆ ಹಾಡಲು ಉದ್ದ ಉಸಿರು ಸಿಗುವುದಿಲ್ಲವೆಂದು ವೈದ್ಯರಲ್ಲಿ ತಾನೇ ವಿಚಾರಿಸಿ, ಬಿಚ್ಚಿಡುವ ಹೊತ್ತನ್ನು ಭಾನುವಾರದ ಬಲಿಪೂಜೆಗೆ ಹೊಂದಿಸಿಕೊಂಡಿದ್ದಾಳೆ. ಪೀಠದ ಹಿಂದಿನ ಕೋಣೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದ ಗೂಡು ಈಗ ಅವಳ ಬೆಲ್ಟಿನದು. ಕಡೆಯ ಹಾಡು ಮುಗಿದ ಮೇಲೆ ಬಂದು, ಗಡಿಯಾರ ನೋಡಿ, ಹಾಕಿಕೊಂಡು ಹೋಗುತ್ತಾಳೆ.